ಮಿನಿಯ ಹಟಮಾರಿ ಕ್ಲಿಪ್
1959ರಲ್ಲಿ ರಸ್ತೆಗಿಳಿದ ಮಿನಿ ಕಾರಿನ ಹಿಂದಿನ ಬ್ರೇಕ್ ರಿಪೇರಿ ನನಗೆ ಬಹಳ ಇಷ್ಟ. ಆದರೆ ಬ್ರೇಕ್ ಶೂಗಳನ್ನು ದ್ರವದ ಒತ್ತಡದಿಂದ ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರನ್ನು ಹಿಡಿದಿಡುವ ಪುಟ್ಟ ಸರ್ಕ್ಲಿಪ್ (ತೋಡಿನಲ್ಲಿ ಕೂರುವ ಬಾಯಿ ತೆರೆದ ಲೋಹದ ಬಳೆ) ತಾಳ್ಮೆಯನ್ನು ಹಿಂಡುತ್ತದೆ. ಸಿಲಿಂಡರಿಗೂ ಬ್ರೇಕಿನ ಭಾಗಗಳನ್ನು ಹೊತ್ತಿರುವ ಬ್ಯಾಕ್‌ಪ್ಲೇಟಿಗೂ ನಡುವೆ ಹೊಸ ಗ್ಯಾಸ್ಕೆಟ್ (ತೆಳು ಸೀಲು ಹಾಳೆ) ಕೂತಾಗ, ಕ್ಲಿಪ್ ಕೂರಬೇಕಾದ ತೋಡು ಅರ್ಧ ಮುಚ್ಚಿಹೋಗುತ್ತದೆ. ಆಗ ಸುತ್ತಿಗೆ ಎತ್ತಲೇಬಾರದು. ಕ್ಲಿಪ್ ಚಿಮ್ಮಿ ಎಲ್ಲೋ ಮಾಯವಾಗುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ನಾನು ಸಿಲಿಂಡರನ್ನು ಕ್ಲ್ಯಾಂಪಿನಿಂದ ಪ್ಲೇಟಿಗೆ ಬಿಗಿಯಾಗಿ ಒತ್ತಿ, ತೋಡು ಪೂರ್ತಿ ಕಾಣಿಸಿದ ಮೇಲಷ್ಟೇ ಕ್ಲಿಪ್ಪನ್ನು ಒಂದು ತುದಿಯಿಂದ ಮೆಲ್ಲನೆ ತಳ್ಳುತ್ತೇನೆ. ಅದು ಟಕ್ಕೆಂದು ಕೂರುವ ಸದ್ದು ಎಷ್ಟು ಹಿತ!

ಶೂಗಳಿಗೂ ಡ್ರಮ್ಮಿಗೂ ನಡುವಿನ ಅಂತರ ಸರಿಮಾಡುವ ಅಡ್ಜಸ್ಟರಿನ ಚೌಕ ತಲೆ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಬೇಕು, ಶೂಗಳ ಮೇಲಿನ ಉಜ್ಜುವ ಪದರವಾದ ಲೈನಿಂಗಿಗೆ ತಾಗದಂತೆ. ಅದಕ್ಕೆಂದೇ ಇರುವ ಸ್ಪ್ಯಾನರನ್ನೇ ಬಳಸಿ. ಬೇರೆಯದು ಮೂಲೆಗಳನ್ನು ಸವೆಸಿಬಿಡುತ್ತದೆ. ಕೊನೆಗೆ ಪೈಪ್ ಜೋಡಿಸಿ, ಗಾಳಿ ಪೂರ್ತಿ ಹೊರಹೋಗುವವರೆಗೆ ಬ್ರೇಕ್ ದ್ರವ ಹರಿಸುತ್ತೇನೆ.