ಮಕ್ಕಳನ್ನ ಎಲ್ಲಿ ಬಿಟ್ಟು ಬಂದ್ರಿ?

ಹಾಡು ಮುಗಿಸಿ ವೇದಿಕೆ ಇಳಿದ ಕೂಡಲೇ ಸೆಲ್ಫಿಗೆಂದು ಬರುವ ಹೆಂಗಸರು, ಮುಖವನ್ನು ಮೊಬೈಲಿನ ಕಡೆಗೇ ಇಟ್ಟುಕೊಂಡು ತುಟಿಯನ್ನಷ್ಟೇ ಅಲ್ಲಾಡಿಸಿ ಕೇಳುತ್ತಾರೆ: ‘ಮಕ್ಕಳನ್ನ ಎಲ್ಲಿ ಬಿಟ್ಟು ಬಂದ್ರಿ ಮೇಡಂ?’ ಮದುವೆಮನೆಯಲ್ಲಿ ನೆಂಟರು ಇದನ್ನೇ ಸ್ವಲ್ಪ ಉಪ್ಪು ಖಾರ ಹಚ್ಚಿ ಕೇಳುತ್ತಾರೆ. ಹತ್ತು ಹೆಜ್ಜೆ ಹಿಂದೆ ರಿದಂ ಪ್ಯಾಡಿನ ವೈರು ಸುತ್ತುತ್ತಾ ನಿಂತಿರುವ ನನ್ನ ಗಂಡನನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿಲ್ಲ. ಮಕ್ಕಳು ಅವರಿಗೂ ಎರಡೇ. ಅದಿರಲಿ.

ಇಷ್ಟು ದಿನ ‘ಇಲ್ಲೇ ಹಿಂದೆ ಮಲಗಿವೆ’ ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. ಕಳೆದ ತಿಂಗಳು ನಮ್ಮ ಜೊತೆ ಎರಡು ಕಾರ್ಯಕ್ರಮಕ್ಕೆ ಬಂದಿದ್ದ ಹೊಸ ಗಾಯಕಿ, ಐದು ತಿಂಗಳ ಬಸುರಿ, ನಮ್ಮ ಟಿಟಿಯ (ಟೆಂಪೊ ಟ್ರಾವೆಲರ್ ವ್ಯಾನಿನ) ಕೊನೇ ಸೀಟಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು. ‘ಅಕ್ಕಾ, ಮಗು ಆದ್ಮೇಲೂ ಹಾಡೋಕಾಗುತ್ತಾ? ನಿಜ ಹೇಳಿ.’ ನಿಜ ಹೇಳಿ ಅಂದಮೇಲೆ ನಕ್ಕು ಸುಮ್ಮನಾಗುವಂತಿಲ್ಲ. ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ನಮ್ಮದು ಶಿವಮೊಗ್ಗದ ಒಂದು ಆರ್ಕೆಸ್ಟ್ರಾ. ಕರಪತ್ರದಲ್ಲಿ ‘ರಾತ್ರಿ 7ಕ್ಕೆ ಅದ್ದೂರಿ ರಸಮಂಜರಿ ಕಾರ್ಯಕ್ರಮ’ ಅಂತ ಇರುತ್ತದಲ್ಲ, ಅದು. ಗಣೇಶನ ಹಬ್ಬದಿಂದ ಶುರುವಾದರೆ ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ, ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳು. ಯುಗಾದಿ ದಾಟಿ ಮಳೆ ಹಿಡಿದರೆ ಮನೆ ಊಟ. ಮಗಳಿಗೆ ಏಳು, ಮಗನಿಗೆ ಎರಡೂವರೆ. ಮಗಳು ಹುಟ್ಟಿದ್ದು ನವೆಂಬರ್ 3ಕ್ಕೆ. ಆರ್ಕೆಸ್ಟ್ರಾದವರು ಮಾಡಬಾರದ ಲೆಕ್ಕದ ತಪ್ಪು ಅದು. ಅವಳ ಹುಟ್ಟುಹಬ್ಬವನ್ನು ಪ್ರತಿವರ್ಷ ಡಿಸೆಂಬರಿನಲ್ಲಿ ಮಾಡುತ್ತೇವೆ.

ಹೌದು, ಮಕ್ಕಳನ್ನು ಕರೆದುಕೊಂಡೇ ಹೋಗುತ್ತೇವೆ. ಹಾಡುವ ಹೊತ್ತಿನ ಚಿಂತೆ ನನಗೆ ಯಾವತ್ತೂ ಇಲ್ಲ. ಪ್ರಾಣ ತಿನ್ನುವುದು ಕಾಯುವ ಹೊತ್ತು. ಚಳ್ಳಕೆರೆ ಕಡೆಯ ಒಂದು ಹಳ್ಳಿಯ ಜಾತ್ರೆ ಅಂದುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಶಿವಮೊಗ್ಗ ಬಿಟ್ಟರೆ ದಾರಿಯಲ್ಲಿ ಊಟ ಮುಗಿಸಿ ಮೂರರ ಹೊತ್ತಿಗೆ ತಲುಪುತ್ತೇವೆ. ನಾಲ್ಕಕ್ಕೆ ಸೌಂಡ್ ಚೆಕ್ ಅಂದಿರುತ್ತಾರೆ, ಜನರೇಟರ್ ಬರುವುದು ಐದೂವರೆಗೆ. ಏಳಕ್ಕೆ ನಾವು ಸೀರೆ ಉಟ್ಟು, ಮೇಕಪ್ ಮಾಡಿಕೊಂಡು ತಯಾರು. ಆಗ ವೇದಿಕೆ ಮೇಲೆ ಗಣ್ಯರು ಬರುತ್ತಾರೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಹಾರ, ಪೇಟ, ಪ್ರತಿಯೊಬ್ಬರಿಗೂ ಮೈಕು. ‘ಎರಡೇ ಎರಡು ಮಾತು’ ಅಂದವರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ನಮ್ಮ ಮೊದಲ ಹಾಡು ಒಂಬತ್ತೂಕಾಲಿಗೆ. ಮೂರರಿಂದ ಒಂಬತ್ತೂಕಾಲು ಅಂದರೆ ಆರೂಕಾಲು ಗಂಟೆ. ಎರಡೂವರೆ ವರ್ಷದ ಹುಡುಗನನ್ನು ಆರೂಕಾಲು ಗಂಟೆ ಒಂದು ಪೆಂಡಾಲಿನ ಹಿಂದೆ ಹಿಡಿದಿಟ್ಟು ನೋಡಿ.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ವರ್ಷಕ್ಕೆ 15 ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶ ಇದೆ. ಮದುವೆಗೆ ಮುಂಚೆ, ಪೊಲೀಸಿನವರು ಬಂದು ‘ಸಾಕು ನಿಲ್ಸಿ’ ಅಂದರೆ ನನ್ನ ಒಳ್ಳೆಯ ಹಾಡು ಹೋಯಿತಲ್ಲ ಅಂತ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಆ ಇನ್ಸ್‌ಪೆಕ್ಟರ್ ದೇವರ ಹಾಗೆ ಕಾಣುತ್ತಾರೆ.

ಗಂಡ ಹೆಂಡತಿ ಇಬ್ಬರೂ ಒಂದೇ ತಂಡದಲ್ಲಿದ್ದರೆ ಅನುಕೂಲ ಅಂದುಕೊಳ್ಳುತ್ತಾರೆ ಜನ. ಪ್ರಯಾಣಕ್ಕೆ ಅನುಕೂಲ, ಮಕ್ಕಳಿಗೆ ಅಲ್ಲ. ಇಬ್ಬರೂ ಒಂದೇ ಹೊತ್ತಿಗೆ ವೇದಿಕೆ ಮೇಲಿರುತ್ತೇವಲ್ಲ. ಆದ್ದರಿಂದ ಮೂರನೆಯವರೊಬ್ಬರು ಬೇಕೇ ಬೇಕು. ಮೊದಮೊದಲು ಅಮ್ಮ ಬರುತ್ತಿದ್ದರು. ಅವರ ಮಂಡಿನೋವು ಜಾಸ್ತಿಯಾದ ಮೇಲೆ ತೀರ್ಥಹಳ್ಳಿಯ ಚಿಕ್ಕಮ್ಮ.

ಚಿಕ್ಕಮ್ಮನಿಗೆ ನಾವು ದುಡ್ಡು ಕೊಡುತ್ತೇವೆ. ಇದನ್ನು ಹೇಳಿದರೆ ಜನ ನಾನೇನೋ ಅಸಹ್ಯದ ಮಾತಾಡಿದೆ ಎಂಬಂತೆ ನೋಡುತ್ತಾರೆ. ಚಿಕ್ಕಮ್ಮನೂ ಮೊದಲ ಸಲ ಕವರ್ ವಾಪಸ್ ಎಸೆದಿದ್ದರು: ‘ಎಂತ ಮಾರಾಯ್ತಿ, ಮೊಮ್ಮಕ್ಕಳನ್ನ ನೋಡ್ಕೊಳ್ಳೋಕೂ ಸಂಬಳವಾ?’ ಮೂರನೇ ಕಾರ್ಯಕ್ರಮದ ಹೊತ್ತಿಗೆ ತೆಗೆದುಕೊಂಡರು, ಐದನೆಯದಕ್ಕೆ ‘ಈ ಸಲ ಎರಡು ದಿನದ್ದಲ್ವಾ?’ ಎಂದು ತಾವೇ ಕೇಳಿದರು. ಅವತ್ತು ನನಗೆ ಸಮಾಧಾನವಾಯಿತು. ನನ್ನ ಪೇಮೆಂಟ್ ಒಂದು ಕಾರ್ಯಕ್ರಮಕ್ಕೆ ಐದು ಸಾವಿರ, ಗಂಡನದು ನಾಲ್ಕು. ಅದರಲ್ಲಿ 1,200 ಚಿಕ್ಕಮ್ಮನದು; ಹಾಲು, ಹಣ್ಣು, ಡೈಪರ್, ಒಂದು ಹೆಚ್ಚಿನ ರೂಮು ಕಳೆದರೆ ಉಳಿಯುವುದೇ ನಮ್ಮ ದುಡಿಮೆ. ಮಗನನ್ನು ಮೊದಲ ಸಲ ಕರೆದುಕೊಂಡು ಹೋದ ವರ್ಷ ಈ ಲೆಕ್ಕ ಹಾಕದೆ ಹಳೇ ಪೇಮೆಂಟಿಗೇ ಒಪ್ಪಿಕೊಂಡಿದ್ದೆ. ಆ ಸೀಸನ್ನಿನಲ್ಲಿ ನಾನು ದುಡಿದಿದ್ದು ನಮ್ಮ ಕಿರಾಣಿ ಅಂಗಡಿಯವರಿಗೇ ಗೊತ್ತಾಗಲಿಲ್ಲ.

ಹಾಗಾಗಿ ಆ ಹುಡುಗಿಗೆ ನಾನು ಹೇಳಿದ ಮೊದಲ ಮಾತು ಇದು. ಮಗು ನೋಡಿಕೊಳ್ಳುವವರು ತಂಡದ ಒಬ್ಬ ಸದಸ್ಯರು. ಟಿಟಿಯಲ್ಲಿ ಅವರಿಗೊಂದು ಸೀಟು, ಊಟದ ಎಲೆಯಲ್ಲಿ ಅವರದೊಂದು, ಲಾಡ್ಜಿನಲ್ಲಿ ಒಂದು ಮಂಚ. ಅಡ್ವಾನ್ಸ್ ಮಾತಾಡುವಾಗಲೇ ಇದನ್ನು ಹೇಳಬೇಕು. ಒಬ್ಬ ಆಯೋಜಕರು ‘ಹಾಗಾದ್ರೆ ಮಗು ಇಲ್ಲದ ಸಿಂಗರ್‌ನ ಕಳಿಸಿ’ ಅಂದಿದ್ದರು. ಕಳಿಸಿದೆವು. ಮುಂದಿನ ವರ್ಷ ಅವರೇ ಫೋನ್ ಮಾಡಿ, ಬೇಕಾದರೆ ಮಕ್ಕಳ ಜೊತೆಗೇ ಬನ್ನಿ ಅಂದರು.

ಸಂಬಳದ ಕೆಲಸದಲ್ಲಿರುವ ಹೆಂಗಸರಿಗೆ 2017ರಿಂದ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಸಿಗುತ್ತದೆ. ಕಾರ್ಯಕ್ರಮಕ್ಕಿಷ್ಟು ಅಂತ ಹಾಡುವ ನಮಗೆ ರಜೆ ಕೊಡುವವರು ಯಾರು? ಮಗ ಹುಟ್ಟಿದಾಗ ಅಮ್ಮ ಮೂರು ತಿಂಗಳು ಬಾಣಂತನ ಮಾಡಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಊಟಕ್ಕೆ ಬೆಳ್ಳುಳ್ಳಿ ಮೇಲೆ ಬೆಳ್ಳುಳ್ಳಿ. ನಾಲ್ಕನೇ ತಿಂಗಳಿಗೆ ವೇದಿಕೆ ಹತ್ತಿದೆ. ಗಂಟಲೇನೋ ನೆಟ್ಟಗಿತ್ತು, ದಮ್ಮು ಮಾತ್ರ ಇರಲಿಲ್ಲ. ಹೊಟ್ಟೆಯ ಬಿಗಿಯೇ ಹೋಗಿರುವಾಗ ಉದ್ದದ ಆಲಾಪ ಎಲ್ಲಿಂದ ಬರಬೇಕು? ಮೊದಲ ಎರಡು ತಿಂಗಳು ಯುಗಳಗೀತೆಗಳನ್ನೇ ಆರಿಸಿಕೊಂಡೆ. ಗಂಡುಧ್ವನಿ ಹಾಡುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಬಹುದಲ್ಲ.

ಹಳ್ಳಿಗಳಲ್ಲಿ ನಮಗೆ ಗ್ರೀನ್ ರೂಮ್ ಅಂದರೆ ಬಯಲಿನ ಪಕ್ಕದ ಸರ್ಕಾರಿ ಶಾಲೆಯ ಒಂದು ಕೋಣೆ. ಹೊಳಲ್ಕೆರೆ ಹತ್ತಿರದ ಒಂದು ಊರಿನಲ್ಲಿ ಒಂದನೇ ತರಗತಿಯ ಕೋಣೆ ಕೊಟ್ಟಿದ್ದರು. ಬಾಗಿಲಿಗೆ ಚಿಲಕ ಇಲ್ಲ. ಚಿಕ್ಕಮ್ಮ ಒಳಗಿನಿಂದ ಬೆಂಚು ಒತ್ತಿ ಅದರ ಮೇಲೆ ತಾವೇ ಕೂತರು. ನಾನು ಜರಿ ಸೀರೆಯ ಸೆರಗು ಪಕ್ಕಕ್ಕೆ ಸರಿಸಿ, ಪಿನ್ನು ಬಾಯಲ್ಲಿ ಕಚ್ಚಿಕೊಂಡು ಮಗನಿಗೆ ಹಾಲು ಕುಡಿಸುತ್ತಿದ್ದೆ. ಗೋಡೆಯ ಮೇಲೆ ಅ ಅರಸ, ಆ ಆನೆ. ಹೊರಗೆ ನಿರೂಪಕ ನನ್ನ ಹೆಸರು ಕೂಗುತ್ತಿದ್ದಾನೆ, ಮಗ ಬಿಡುತ್ತಿಲ್ಲ. ಮಗಳು ಚಾರ್ಟಿನ ಮುಂದೆ ನಿಂತು ‘ಅಮ್ಮಾ, ಈ ಆನೆಗೆ ಬಾಲ ಹರಿದುಹೋಗಿದೆ’ ಅಂದಳು. ಕೀಬೋರ್ಡಿನ ಅಣ್ಣ ಮುನ್ನುಡಿಯ ಸಂಗೀತವನ್ನೇ ಮೂರು ಸಲ ತಿರುಗಿಸಿ ನುಡಿಸಿದರು. ಜನ ಅದನ್ನು ಹೊಸ ಪ್ರಯೋಗ ಅಂದುಕೊಂಡು ಶಿಳ್ಳೆ ಹೊಡೆದರು.

ಹಿಂಡಿಟ್ಟ ಎದೆಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ ಕೆಡದು ಅಂತ ಡಾಕ್ಟರು ಹೇಳಿದ್ದರು. ಚಳ್ಳಕೆರೆಯಲ್ಲಿ ಮಾರ್ಚ್ ತಿಂಗಳಲ್ಲಿ 25 ಡಿಗ್ರಿ ಎಲ್ಲಿದೆ ಹೇಳಿ, ಅಲ್ಲಿಗೇ ಹೋಗಿ ಹಾಡುತ್ತೇನೆ. ಐಸ್ ಪ್ಯಾಕ್ ಇಟ್ಟ ಚೀಲವೊಂದನ್ನು ಹೊತ್ತುಕೊಂಡು ಓಡಾಡಿದೆ.

ಶಬ್ದದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ದೊಡ್ಡವರ ಕಿವಿಗೇ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ ಅನ್ನುತ್ತಾರೆ; 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ ಆಗುತ್ತಾ ಬಂದು 100 ತಲುಪಿದರೆ 15 ನಿಮಿಷ. ನಮ್ಮ ಸೌಂಡಿನ ಹುಡುಗ ಒಮ್ಮೆ ವೇದಿಕೆಯ ಪಕ್ಕ ಮೊಬೈಲಿನಲ್ಲಿ ಅಳೆದು ತೋರಿಸಿದಾಗ 98 ಇತ್ತು. ಅಂದಿನಿಂದ ಮಕ್ಕಳು ಸ್ಪೀಕರ್ ಕಡೆ ಸುಳಿಯುವಂತಿಲ್ಲ, ಬಂದರೆ ಕಿವಿಗೆ ಇಯರ್ ಮಫ್ ಇರಲೇಬೇಕು. ಕಿವಿಯೊಳಗೆ ತುರುಕುವ ಸ್ಪಂಜಿನವು ಬೇಡ, ಚಿಕ್ಕ ಮಕ್ಕಳು ಅದನ್ನು ಕಿತ್ತು ಬಾಯಿಗೆ ಹಾಕುತ್ತವೆ. ಹಸಿರು ಇಯರ್ ಮಫ್ ಹಾಕಿದ ಮಗನನ್ನು ನೋಡಿ ಊರಿನ ಹುಡುಗರು ‘ಪೈಲಟ್, ಪೈಲಟ್’ ಅಂತ ಹಿಂದೆ ಓಡುತ್ತಾರೆ.

ಒಂದು ಸಲ ಮಾತ್ರ ಎಲ್ಲ ಬಿಟ್ಟು ಮನೆಯಲ್ಲಿರೋಣ ಅನ್ನಿಸಿತ್ತು. ನನ್ನ ಅಜ್ಜಿ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಇಲ್ಲದೆ ಮಗ ಮಲಗುವುದಿಲ್ಲ. ಅದರ ಒಂದು ಮೂಲೆಯಲ್ಲಿ ನೇರಳೆ ಬಣ್ಣದ ತುಂಡಿದೆ, ಅದನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ ತಿಕ್ಕುತ್ತಾ ನಿದ್ದೆ ಹೋಗುತ್ತಾನೆ. ಹೊಸಪೇಟೆಯ ಲಾಡ್ಜಿನಲ್ಲಿ ಅದು ಉಳಿದುಹೋಯಿತು. ಗೊತ್ತಾಗಿದ್ದು ಹರಿಹರ ದಾಟಿದ ಮೇಲೆ. ಮರುದಿನ ಇನ್ನೊಂದು ಊರಿನ ಕಾರ್ಯಕ್ರಮ, ಮಗ ಎರಡು ರಾತ್ರಿ ಅತ್ತ. ಎರಡನೇ ರಾತ್ರಿ ವೇದಿಕೆ ಮೇಲೆ ಹಾಡುತ್ತಿರುವಾಗಲೇ ಶಾಲೆಯ ಕಡೆಯಿಂದ ಅವನ ಅಳು ಕೇಳಿಸಿತು. ಅಷ್ಟು ಶಬ್ದದಲ್ಲಿ ಹೇಗೆ ಕೇಳಿಸಿತೋ. ಎರಡನೇ ಚರಣದ ಸಾಹಿತ್ಯ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದೆ. ಲಾಡ್ಜಿನ ರೂಮ್ ಬಾಯ್ ಪುಣ್ಯಾತ್ಮ. ಕೌದಿಯನ್ನು ಗೊಬ್ಬರದ ಚೀಲದಲ್ಲಿ ಕಟ್ಟಿ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಬಸ್ ನಂಬರನ್ನು ನನಗೆ ಮೆಸೇಜ್ ಮಾಡಿದ. ಮೂರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು ತೆಗೆದುಕೊಂಡೆವು. ಮಗ ಅದನ್ನು ಮೂಸಿ ನೋಡಿ, ‘ಬಸ್ ವಾಸ್ನೆ’ ಅಂದ. ನಾನು ತೊಳೆಯಲು ಹೋದರೆ ಕೊಡಲಿಲ್ಲ.

ಕಲಾವಿದರು ಮಕ್ಕಳನ್ನು ಕಟ್ಟಿಕೊಂಡು ತಿರುಗುವುದು ನಮ್ಮಿಂದ ಶುರುವಾದದ್ದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ಸಂಸಾರಗಳೇ ತಿರುಗುತ್ತಿದ್ದವು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು. ಅವರ ಮಗ ಮುತ್ತುರಾಜ ಬಾಲ್ಯದಲ್ಲೇ ಬಣ್ಣ ಹಚ್ಚಿ, ಮುಂದೆ ರಾಜ್‌ಕುಮಾರ್ ಆದರು. ಆದರೆ ಕಂಪನಿಯವರು ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ. ಒಂದೇ ಅಡುಗೆಮನೆ, ಆಡಲು ಹತ್ತು ಮಕ್ಕಳು, ಬೈಯಲು ಹತ್ತು ಅತ್ತೆಯಂದಿರು. ಘಟ್ಟದ ಕೆಳಗೆ ಯಕ್ಷಗಾನ ಮೇಳದವರು ನವೆಂಬರಿನಲ್ಲಿ ಗೆಜ್ಜೆ ಕಟ್ಟಿದರೆ ಬಿಚ್ಚುವುದು ಮೇ ಕೊನೆಯಲ್ಲಿ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ; ಅಲ್ಲಿಯವರೆಗೆ ದಿನಕ್ಕೊಂದು ಊರು. ಮೇಳದಲ್ಲಿ ಇರುವವರು ಬಹುತೇಕ ಗಂಡಸರೇ, ಮಕ್ಕಳು ಮನೆಯಲ್ಲಿ ತಾಯಿಯ ಹತ್ತಿರ. ನಮ್ಮದು ಎರಡರ ಕಷ್ಟವನ್ನೂ ಸೇರಿಸಿದ ಬಾಳು: ಮೇಳದ ಹಾಗೆ ದಿನಕ್ಕೊಂದು ಊರು, ಕಂಪನಿಯ ಹಾಗೆ ಸಂಸಾರ ಜೊತೆಗೆ. ಹತ್ತು ಅತ್ತೆಯಂದಿರ ಕೆಲಸ ಒಬ್ಬ ಚಿಕ್ಕಮ್ಮನದು.

ಮಗಳ ವಿಷಯ ಬೇರೆ. ಅವಳು ಓದಲು ಕಲಿತದ್ದು ಟಿಟಿಯ ಕಿಟಕಿಯಲ್ಲಿ, ಫ್ಲೆಕ್ಸ್‌ಗಳನ್ನು ನೋಡಿ. ಒಂದನೇ ತರಗತಿಗೆ ಸೇರುವ ಮೊದಲೇ ‘ಸ್ವಾಗತ ಕೋರುವವರು’ ಅಂತ ಗಟ್ಟಿಯಾಗಿ ಓದುತ್ತಿದ್ದಳು. ಅವಳು ಬರೆದ ಮೊದಲ ಒತ್ತಕ್ಷರದ ಪದ ‘ಅಧ್ಯಕ್ಷರು’. ಮೇಷ್ಟರು ಅದನ್ನು ಎಲ್ಲಿ ಕಲಿತೆ ಅಂತ ಕೇಳಿದ್ದರಂತೆ. ಆದರೆ ಎರಡನೇ ತರಗತಿಗೆ ಬಂದ ಮೇಲೆ, ಈ ವರ್ಷ ಅಕ್ಟೋಬರಿನಲ್ಲಿ, ಬ್ಯಾಗು ಕಟ್ಟುವಾಗ ಅವಳೇ ಅಂದಳು: ‘ನಾನು ಬರಲ್ಲ. ಅಜ್ಜಿ ಮನೇಲಿರ್ತೀನಿ. ನೀವು ಹೋಗಿ ಬನ್ನಿ.’ ಗೆಳತಿಯರು ಇದ್ದಾರೆ, ಖೋಖೋ ಇದೆ, ನಮ್ಮ ಹಾಡುಗಳು ಅವಳಿಗೆ ಹಳತಾಗಿವೆ. ನಾನು ಸುಲಭವಾಗಿ ಸರಿ ಅಂದೆ. ಟಿಟಿ ಚನ್ನಗಿರಿ ದಾಟುವವರೆಗೂ ಹಿಂದಿನ ಸೀಟಿನ ಕಡೆ ತಿರುಗಿ ತಿರುಗಿ ನೋಡುತ್ತಿದ್ದೆ. ಗಂಡ ಏನೂ ಮಾತಾಡಲಿಲ್ಲ, ಒಂದು ಕಿತ್ತಳೆ ಸುಲಿದು ಕೊಟ್ಟರು.

ಈಗ ಯಾರಾದರೂ ‘ಮಕ್ಕಳನ್ನ ಎಲ್ಲಿ ಬಿಟ್ಟು ಬಂದ್ರಿ?’ ಅಂದರೆ, ‘ಒಬ್ಬಳು ಮನೇಲಿ, ಒಬ್ಬ ಇಲ್ಲಿ’ ಅಂತ ಹೇಳಬೇಕು.

ಆ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಅವಳ ಅತ್ತೆ ಬರುತ್ತೇನೆ ಅಂದಿದ್ದಾರಂತೆ, ಆದರೆ ದುಡ್ಡಿನ ಮಾತು ಹೇಗೆ ಎತ್ತುವುದು ಅಂತ ಸಂಕೋಚ. ‘ನಮ್ಮ ಚಿಕ್ಕಮ್ಮನ ಹತ್ರ ಒಂದ್ಸಲ ಮಾತಾಡ್ಸು, ಅವರೇ ಹೇಳ್ತಾರೆ’ ಅಂದೆ. ಆದರೆ ಚಿಕ್ಕಮ್ಮ ಈ ಶನಿವಾರ ಸಿಗುವುದಿಲ್ಲ, ಅವರ ಅಣ್ಣನ ಮಗಳ ಮದುವೆ. ನಮಗೆ ಶನಿವಾರ ಆಗುಂಬೆ ಇಳಿದು ಹೆಬ್ರಿಯಲ್ಲಿ ಕಾರ್ಯಕ್ರಮ. ಹದಿನಾಲ್ಕು ತಿರುವು, ಮಗನಿಗೆ ಮೂರನೇ ತಿರುವಿಗೇ ವಾಂತಿ. ಯಾರನ್ನು ಕರೆದುಕೊಂಡು ಹೋಗುವುದು ಅಂತ ಇನ್ನೂ ಗೊತ್ತಾಗಿಲ್ಲ, ನಿರೂಪಕನ ತಂಗಿಗೆ ರಜೆ ಇದೆಯೇನೋ ಕೇಳಬೇಕು.