ಕಡಲೆಯ ಹುಳಿ, ಡೋಣಿಯ ಉಪ್ಪು

ನಮ್ಮ ವಿಜಯಪುರದವರಿಗೆ ಪ್ರಕೃತಿ ಎಂದರೆ ದಾಂಡೇಲಿ, ಇಲ್ಲವೇ ಅಂಬೋಲಿ. ದೀಪಾವಳಿ ಮುಗಿದದ್ದೇ ತಡ, ಕಚೇರಿಯಲ್ಲಿ ಗಾಡಿ ಗೊತ್ತುಮಾಡುವ ಮಾತು ಶುರುವಾಗುತ್ತದೆ. ಗೋಳಗುಮ್ಮಟ ಬಿಟ್ಟರೆ ಇಲ್ಲಿ ನೋಡಲು ಏನಿದೆ ಎಂದು ಕೇಳುವವರ ಜೊತೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ. ರಾಜ್ಯದಲ್ಲಿ ಕಾಡು ತೀರ ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು, ಒಪ್ಪಿಕೊಳ್ಳೋಣ. ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅದೂ ಮಳೆರಾಯನ ಮರ್ಜಿ. ಆದರೂ ಕಾರ್ತಿಕ ಮುಗಿಯುವ ಹೊತ್ತಿಗೆ ನನ್ನ ಕಾಲು ತಾನಾಗಿ ಡೋಣಿ ನದಿ ಸಾಲಿನ ಎರೆ ಹೊಲಗಳ ಕಡೆಗೆ ಎಳೆಯುತ್ತದೆ. ಈ ಸಲವೂ ನವೆಂಬರ್ ಕೊನೆಯ ಒಂದು ಶನಿವಾರ ಸಂಜೆ ತಾಳಿಕೋಟೆಯ ಬಸ್ ಹಿಡಿದು ಕಾಕಾನ ಊರಿಗೆ ಹೋಗಿ ಮಲಗಿದೆ.

ಬೆಳಿಗ್ಗೆ ಕಾಕಾನ ಹಿಂದೆ ಒಡ್ಡಿನ ಮೇಲೆ ನಡೆದು ಹೋಗುವಾಗ ಚಳಿ ಕಿವಿಯಲ್ಲಿತ್ತು. ಎಡಕ್ಕೆ ಬಿಳಿಜೋಳ ಎದೆಮಟ್ಟ ಬೆಳೆದು ಹೊಡೆಗೆ ಬಂದಿತ್ತು; ಬಲಕ್ಕೆ ಕಡಲೆ, ಮೊಣಕಾಲಿಗೂ ಬಾರದ ಗಿಡ. ಅದಕ್ಕೂ ಆಚೆ ತೊಗರಿ. ಹೂವು ಮುಗಿಯುತ್ತ ಬಂದು ಕಾಯಿ ಕಟ್ಟಿತ್ತು. ಈ ಬೆಳೆಗಳಲ್ಲಿ ಯಾವುದಕ್ಕೂ ಬಾವಿಯ ನೀರಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಹೀರಿಕೊಂಡು ಉಬ್ಬಿದ ನೀರಿನ ಮೇಲೆ, ಬೆಳಗಿನ ಇಬ್ಬನಿಯ ಮೇಲೆ ಹಿಂಗಾರಿಯ ಇಡೀ ಸಂಸಾರ ನಡೆಯಬೇಕು. ತೇವ ಇಳಿದಂತೆ ಅದೇ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಜೋಳದ ಸಾಲಿನ ಕೊನೆಯಲ್ಲಿ ಎಡೆ ಹೊಡೆಯದೆ ಬಿಟ್ಟ ಒಂದು ತುಂಡಿನಲ್ಲಿ ಬಿರುಕು ಆಗಲೇ ಎರಡು ಬೆರಳು ಅಗಲವಾಗಿತ್ತು. ಒಂದು ಒಣ ಕಡ್ಡಿ ಇಳಿಬಿಟ್ಟು ನೋಡಿದೆ. ಮೊಳದಷ್ಟು ಒಳಗೆ ಹೋಯಿತು.

"ಎಡೆ ಹೊಡೆಯುವುದು ಕಸಕ್ಕೆ ಎಂದು ತಿಳಿದಿದ್ದೀಯೇನು ತಂಗಿ? ಈ ಬಾಯಿ ಮುಚ್ಚಲಿಕ್ಕೆ," ಎಂದರು ಕಾಕಾ. ಕುಂಟೆ ಮೇಲಿನ ಮಣ್ಣನ್ನು ಪುಡಿ ಮಾಡಿ ಬಿರುಕಿನೊಳಗೆ ಇಳಿಸಿದರೆ ಕೆಳಗಿನ ಹಸಿ ಆರುವುದಿಲ್ಲವಂತೆ. ಆ ತುಂಡನ್ನು ಯಾಕೆ ಬಿಟ್ಟಿದ್ದಾರೆ ಎಂದು ಕೇಳಿದೆ. ಎತ್ತು ತಿರುಗುವ ಜಾಗ ಎಂದು ಸುಮ್ಮನಾದರು.

ಕಡಲೆ ಹೊಲದಲ್ಲಿ ನಾನು ಕುಕ್ಕರಗಾಲಲ್ಲಿ ಕೂತೆ. ಈ ಗಿಡವನ್ನು ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಹತ್ತಿರದಿಂದ ನೋಡಿದರೆ ಎಲೆ, ದಂಟು ಎಲ್ಲದರ ಮೇಲೂ ಸಣ್ಣ ರೋಮ, ಒಂದೊಂದು ರೋಮದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ. ಎಲ್ಲವೂ ಇಬ್ಬನಿಯಲ್ಲ, ಗಿಡ ತಾನೇ ಸ್ರವಿಸುವ ಹುಳಿಯೂ ಅದರಲ್ಲಿದೆ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಎಂದು ಪುಸ್ತಕ ಹೇಳುತ್ತದೆ. ಬೆರಳು ಆಡಿಸಿ ನಾಲಿಗೆಗೆ ಹಚ್ಚಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಹಿಂದೆ ರಾತ್ರಿ ತೆಳು ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿನೀರನ್ನು ಸೀಸೆಯಲ್ಲಿ ಇಡುತ್ತಿದ್ದರು, ಹೊಟ್ಟೆನೋವಿಗೆ. ಬಿಸಿಲೇರುವ ಮುಂಚೆ ಹೊಲದಲ್ಲಿ ಓಡಾಡಿದ್ದರಿಂದ ನನ್ನ ಸಲ್ವಾರದ ಅಂಚು ತೊಯ್ದು ಕಾಲಿಗೆ ಅಂಟಿ ತುರಿಕೆ ಶುರುವಾಗಿತ್ತು.

ಚಿಗವ್ವ ಮತ್ತು ಇಬ್ಬರು ಹೆಣ್ಣಾಳುಗಳು ಕುಡಿ ಚಿವುಟುತ್ತಿದ್ದರು. ತುದಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕಾಯಿ ಹೆಚ್ಚುತ್ತದೆ, ಚಿವುಟಿದ್ದು ಪಲ್ಯಕ್ಕೆ. ನಾನೂ ಉಡಿ ತುಂಬಿಸಿಕೊಂಡೆ. ಅರ್ಧ ಬಾಯಿಗೇ ಹೋಯಿತು.

ಆಗ ಬಂತು ಅದು. ಜೋಳದ ತುದಿಗೆ ಹೊಟ್ಟೆ ತಾಗುವುದೇನೋ ಎನ್ನುವಷ್ಟು ಕೆಳಗೆ, ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ತಲೆ ಬಗ್ಗಿಸಿ ಸಾಲು ಸಾಲನ್ನೂ ತಪಾಸಣೆ ಮಾಡುತ್ತ. ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟೆ: ಸೆಳೆವ ಎಂಬ ಬೇಟೆಹಕ್ಕಿಯ ಹೆಣ್ಣು. ಒಡ್ಡಿನ ಬಳಿ ಗಕ್ಕನೆ ತಿರುಗಿ ಕಡಲೆಯೊಳಗೆ ಬಿತ್ತು. ಎದ್ದಾಗ ಕಾಲಲ್ಲಿ ಏನೋ ಇತ್ತು. ಮಿಡತೆಯೇ ಇರಬೇಕು. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಅಲ್ಲಿ ಹಿಮ ಬೀಳುವ ಮೊದಲು ಹೊರಟು ನಮ್ಮ ಹೊಲಗಳಿಗೆ ಬರುವ ಹಕ್ಕಿ ಇದು. ರಾತ್ರಿ ಮಲಗುವುದೂ ನೆಲದ ಮೇಲೆ, ಹುಲ್ಲಿನಲ್ಲಿ. ಮರ ಇಲ್ಲದ ಸೀಮೆ ಎಂದು ನಾವು ಮೂಗು ಮುರಿಯುವ ಜಾಗವನ್ನೇ ಹುಡುಕಿಕೊಂಡು ಅದು ಸಾವಿರಾರು ಕಿಲೋಮೀಟರ್ ಹಾರಿ ಬರುತ್ತದೆ. ಕಜಕಸ್ತಾನದ ಕಥೆಯನ್ನು ನಾನು ಉತ್ಸಾಹದಿಂದ ಹೇಳಿದರೆ ಕಾಕಾ ಎಲೆ ಅಡಿಕೆಗೆ ಸುಣ್ಣ ಸವರುತ್ತ, "ದೀಪಾವಳಿಯ ಆಸುಪಾಸಿಗೆ ಬರುತ್ತದೆ, ಯುಗಾದಿಗೆ ಇರುವುದಿಲ್ಲ. ಹುಳ ತಿನ್ನುತ್ತದೆ, ಕಾಳು ಮುಟ್ಟುವುದಿಲ್ಲ. ಒಳ್ಳೆಯ ಹಕ್ಕಿ," ಎಂದರು. ಅವರ ಲೆಕ್ಕದಲ್ಲಿ ಕೆಟ್ಟ ಹಕ್ಕಿ ಎಂದರೆ ಗುಲಾಬಿ ಕಬ್ಬಕ್ಕಿ. ಸದ್ಯ ಅದೂ ಹುಳ ಹೆಕ್ಕುತ್ತಿದೆ. ತೆನೆ ಹಾಲುಗಟ್ಟಿದ ಮೇಲೆ ಹಿಂಡು ಹಿಂಡಾಗಿ ಇಳಿದಾಗ ಕವಣೆ ಹಿಡಿದು ಅಟ್ಟ ಹತ್ತಲೇಬೇಕು.

ಚಿಗರಿಯ ವಿಷಯದಲ್ಲಿ ಅವರು ಇಷ್ಟು ಉದಾರಿಯಲ್ಲ. ಕಡಲೆಯ ಮೂಲೆಯೊಂದನ್ನು ಮೇಯ್ದು ಬೋಳು ಮಾಡಿದ್ದವು. ಹಸಿ ಎರೆಯಲ್ಲಿ ಚೂಪು ಗೊರಸಿನ ಜೋಡಿ ಗುರುತು ಸ್ಪಷ್ಟವಾಗಿ ಮೂಡಿತ್ತು, ಪಕ್ಕದಲ್ಲಿ ಹಿಕ್ಕೆ. ಸ್ವಲ್ಪ ಹೊತ್ತಿನಲ್ಲಿ ದೂರದ ಬೀಳು ನೆಲದಲ್ಲಿ ಅವೇ ಕಂಡವು: ಕಂದು ಹೆಣ್ಣುಗಳ ಗುಂಪು, ಹಿಂದೆ ತಿರುಚುಗೊಂಬಿನ ಒಂದು ಕರಿ ಗಂಡು. ಬೈಕ್ ಸದ್ದಿಗೆ ಒಂದೊಂದಾಗಿ ನೆಗೆದು ಓಡಿದವು. ನಾನು ಚಂದ ಎಂದೆ. ಹಳೆಯ ಸೀರೆಗಳನ್ನು ಗೂಟಕ್ಕೆ ಕಟ್ಟಿ ಬೇಲಿ ಮಾಡಿದ್ದ ಚಿಗವ್ವ, "ನಿನ್ನ ಸಂಬಳವನ್ನು ಅವು ತಿಂದರೆ ಆಗ ಹೇಳು," ಎಂದರು. ಇಬ್ಬರ ಮಾತೂ ನಿಜ ಎಂದು ನನಗನಿಸಿದರೂ ಅವರೆದುರು ಹೇಳುವ ಧೈರ್ಯ ಬರಲಿಲ್ಲ. ಕಾಯ್ದೆ ಚಿಗರಿಯನ್ನು ಕಾಯುತ್ತದೆ, ಕಾಯಬೇಕು ಕೂಡ. ಹೊಲ ಕಾಯಲು ಮಾತ್ರ ಸೀರೆಯೇ ಗತಿ.

ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಕುದಿಸಿದ ತೊಗರಿ ಕಾಯಿ.

ಊಟವಾದ ಮೇಲೆ ಡೋಣಿಗೆ ಇಳಿದೆ. ಜತ್ತ ಸೀಮೆಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ನದಿ ಮಳೆಗಾಲದಲ್ಲಿ ಹೊಲಗಳನ್ನೇ ಮುಳುಗಿಸುತ್ತದೆ. ಈಗ ಬಳ್ಳಾರಿ ಜಾಲಿಯ ನಡುವೆ ತೆಳ್ಳಗೆ ಹರಿಯುತ್ತಿತ್ತು. ಹೂಳಿನ ಮೇಲೆ ಉಪ್ಪು ಬೆಳ್ಳಗೆ ಪದರುಗಟ್ಟಿತ್ತು. ಕುಡಿಯಲು ಆಗದ ನೀರು, ಆದರೆ ದಂಡೆಯ ಮಣ್ಣಿನ ಜೋಳಕ್ಕೆ ಸಾಟಿಯಿಲ್ಲ. ಸಿಪಿಲೆಗಳು ಬಾಲ ಕುಣಿಸುತ್ತ ಕೆಸರಿನಂಚಿನಲ್ಲಿ ಓಡಾಡುತ್ತಿದ್ದವು. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲು ಎತ್ತಿಡುತ್ತ ನನ್ನಿಂದ ಅಷ್ಟೇ ದೂರ ಉಳಿಸಿಕೊಂಡು ಸರಿಯುತ್ತಿದ್ದವು. ಜಾಲಿಮುಳ್ಳು ಚಪ್ಪಲಿ ದಾಟಿ ಹಿಮ್ಮಡಿಗೆ ಚುಚ್ಚಿದ್ದರಿಂದ ಮುಂದೆ ಹೋಗಲಿಲ್ಲ.

ಸಂಜೆ ಬಸ್ಸಿಗೆ ಬಿಡಲು ಬಂದ ಕಾಕಾ, "ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬಾ. ಕಚೇರಿಯವರನ್ನೂ ಕರೆದುಕೊಂಡು ಬಾ," ಎಂದರು. ಹೊಲಕ್ಕೆ ಎಡೆ ಚೆಲ್ಲಿ ಅಲ್ಲೇ ಕೂತು ಉಣ್ಣುವ ಹಬ್ಬ ಅದು. ಎಷ್ಟು ಜನ ಎಂದು ಚಿಗವ್ವ ಒಳಗಿನಿಂದಲೇ ಕೂಗಿ ಕೇಳಿದರು. ರೊಟ್ಟಿ ಬಡಿಯುವವರು ಅವರು ತಾನೆ. ಹತ್ತು ಜನ ಎಂದು ಹೇಳಿ ಬಂದಿದ್ದೇನೆ. ದಾಂಡೇಲಿಯ ಗಾಡಿ ಅದೇ ವಾರ ಹೊರಡುವುದಿದೆ, ನೋಡಬೇಕು.