ಕಿರ್ಸ್ಟನ್‌ಬಾಷ್‌ನ ಕಾಡುಬಾದಾಮಿ ಬೇಲಿ: ನೋಡಲು ಹೋಗುವವರಿಗೆ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೋದವರು ಟೇಬಲ್ ಮೌಂಟನ್ ಹತ್ತುತ್ತಾರೆ, ಪೆಂಗ್ವಿನ್ ನೋಡುತ್ತಾರೆ. ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನಕ್ಕೆ ಹೋದರೂ ಮರಗಳ ಮೇಲಿನ ಸೇತುವೆಯಲ್ಲಿ ಫೋಟೊ ತೆಗೆಸಿಕೊಂಡು ಹೊರಡುವವರೇ ಜಾಸ್ತಿ. ನನ್ನನ್ನು ಕೇಳಿದರೆ, ಅಲ್ಲಿ ಅರ್ಧ ದಿನ ಕಾಡುಬಾದಾಮಿ ಎಂಬ ಅಲ್ಲಿನ ಕಾಡುಗಿಡಕ್ಕೆ ಅಂತಲೇ ಇಟ್ಟುಕೊಳ್ಳಿ.

ಹೂವು ಬೇಕೆಂದರೆ ಡಿಸೆಂಬರ್, ಜನವರಿ. ಕಾಯಿ ನೋಡಬೇಕೆಂದರೆ ಫೆಬ್ರವರಿ ನಂತರ ಹೋಗಿ. ಜೂನ್‌ನಿಂದ ಆಗಸ್ಟ್ ಅಲ್ಲಿ ಮಳೆಗಾಲ, ಬೆಟ್ಟದ ದಾರಿ ಜಾರುತ್ತದೆ. ಸಿಟಿ ಟೂರ್ ಬಸ್ ಉದ್ಯಾನದ ಬಾಗಿಲಿಗೇ ಬಿಡುತ್ತದೆ.

ಗಿಡ ಗುರುತಿಸುವುದು ಸುಲಭ. ಕೊಂಬೆಯ ಒಂದೇ ಗೆಣ್ಣಿನಲ್ಲಿ ಸುತ್ತಲೂ ಸಾಮಾನ್ಯವಾಗಿ ಆರು ಎಲೆ, ಅಂಚೆಲ್ಲ ಹಲ್ಲು ಹಲ್ಲು. ಕಾಯಿ ಥೇಟ್ ಬಾದಾಮಿ ಆಕಾರ, ಮೇಲೆಲ್ಲ ಮಖಮಲ್ಲಿನಂಥ ನವಿರು ರೋಮ. ಎಳೆಯದರಲ್ಲಿ ನೇರಳೆಗೆಂಪು, ಬಲಿತಾಗ ಕಂದು. ಆದರೆ ನಿಜವಾದ ಬಾದಾಮಿಗೂ ಇದಕ್ಕೂ ನಂಟಿಲ್ಲ. ಇದು ಮಕಾಡಮಿಯಾ ಎಂಬ ತಿನ್ನುವ ಬೀಜದ ಮರದ ಬಳಗ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಇದೇ ಕುಟುಂಬದ್ದು.

ಮೊದಲು ಬೇಲಿಗೆ ಹೋಗಿ. ವಾನ್ ರೀಬೆಕ್ ಬೇಲಿ ಅಂತ ಕೇಳಿದರೆ ದಾರಿ ತೋರಿಸುತ್ತಾರೆ. ಹಳೆಯ ಕಾಂಡಗಳು ನೆಲಕ್ಕೆ ಒರಗಿ, ಒಂದರ ಮೇಲೊಂದು ಹೆಣೆದುಕೊಂಡಿವೆ. ಅವುಗಳಿಂದಲೇ ಹೊಸ ಚಿಗುರು ನೆಟ್ಟಗೆ ಎದ್ದಿದೆ. 1660ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಮಾಂಡರ್ ಯಾನ್ ವಾನ್ ರೀಬೆಕ್ ನೆಡಿಸಿದ್ದು. ಅಲ್ಲಿನ ಮೂಲನಿವಾಸಿಗಳಾದ ಖೋಯ್‌ಖೋಯ್ ಜನ ದನ ಮೇಯಿಸುತ್ತಿದ್ದ ಜಾಗವನ್ನು ಡಚ್ಚರು ಉಳುಮೆಗೆ ತೆಗೆದುಕೊಂಡರು, ಜಗಳ ಯುದ್ಧವಾಯಿತು. ಸಂಧಿ ಮಾತುಕತೆಗೆ ಬಂದ ಖೋಯ್‌ಖೋಯ್‌ಗಳು ಈ ಕಹಿ ಬಾದಾಮಿ ಆರಿಸಿಕೊಳ್ಳಲು, ಗೆಡ್ಡೆ ಅಗೆಯಲು ಬಿಡಿ ಎಂದು ಕೇಳಿದರು. ಅದು ಅವರ ಚಳಿಗಾಲದ ಊಟ. ವಾನ್ ರೀಬೆಕ್ ಒಪ್ಪಲಿಲ್ಲ. ಬೇಲಿ ನೆಡಲು ಬಾದಾಮಿ ತಮಗೇ ಬೇಕು ಎಂಬುದೂ ಅವನು ಕೊಟ್ಟ ಕಾರಣಗಳಲ್ಲಿ ಒಂದು. ಅವನ ದಿನಚರಿಯಲ್ಲೇ ಇದು ದಾಖಲಾಗಿದೆ. ತಿನ್ನುವವರ ಕೈಯಿಂದ ಕಾಯಿ ಕಿತ್ತು, ಅದನ್ನೇ ಅವರಿಗೆ ಅಡ್ಡ ನೆಟ್ಟರು. 1936ರಲ್ಲಿ ಬೇಲಿ ರಾಷ್ಟ್ರೀಯ ಸ್ಮಾರಕವಾಯಿತು. ಸುಮ್ನೆ ನೋಡಿದರೆ ಪೊದೆ ಅಷ್ಟೇ. ಈ ಕಥೆ ತಿಳಿದುಕೊಂಡು ಹೋಗಿ.

ಆಮೇಲೆ ತೊರೆಯ ಕಡೆ ನಡೆಯಿರಿ. ಈ ಗಿಡದ ಸ್ವಂತ ಮನೆ ಅದೇ. ಕೇಪ್‌ನ ನೈಋತ್ಯ ಭಾಗದ ಹೊಳೆದಂಡೆ, ಕಣಿವೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಕಾಯಿ ನೀರಿಗೆ ಬಿದ್ದು ತೇಲಿಕೊಂಡು ಹೋಗಿ ಬೇರೆ ಕಡೆ ಮೊಳೆಯುತ್ತದೆ. ಬೆಂಕಿಯಲ್ಲಿ ಸುಟ್ಟರೂ ಬುಡದಿಂದ ಚಿಗುರುತ್ತದೆ. ಕಾಲಿಗೆ ಬಲವಿದ್ದರೆ ಉದ್ಯಾನದಿಂದಲೇ ಹೊರಡುವ ಸ್ಕೆಲಿಟನ್ ಗಾರ್ಜ್ ದಾರಿ ಹಿಡಿಯಿರಿ. ಮರದ ಏಣಿ ಹತ್ತಬೇಕು, ಒದ್ದೆ ಬಂಡೆ ದಾಟಬೇಕು. ಹಿಡಿತವಿರುವ ಶೂ ಬೇಕೇ ಬೇಕು. ಒಬ್ಬರೇ ಹೋಗಬೇಡಿ.

ಮಕ್ಕಳು ಜೊತೆಗಿದ್ದರೆ ಕಣ್ಣಿಟ್ಟಿರಿ. ಉದುರಿದ ಕಾಯಿ ಬಾದಾಮಿ ಅಂದುಕೊಂಡು ಬಾಯಿಗೆ ಹಾಕಿಬಿಡಬಹುದು, ಅಲ್ವಾ? ಹಸಿಬೀಜದಲ್ಲಿ ಸಯನೈಡ್ ವಿಷವಿದೆ. ಖೋಯ್‌ಖೋಯ್‌ಗಳು ಅದನ್ನು ನೆನೆಸಿ, ಬೇಯಿಸಿ, ಹುರಿದ ಮೇಲೆಯೇ ತಿನ್ನುತ್ತಿದ್ದರು. ನೀವು ಪ್ರಯೋಗ ಮಾಡಲು ಹೋಗಬೇಡಿ. ಹಸಿವಾದರೆ ಉದ್ಯಾನದೊಳಗೇ ಹೋಟೆಲ್ ಇದೆ.